ಚಿತ್ರಗಳನ್ನು ಕುಣಿಸಿದ ಜೋಸೆಫ್ ಪ್ಲಾಟೊ

ಮಕ್ಕಳೇ, ವಸ್ತಾರೆ, ಆಲ್ದೂರು, ಮೂಡಿಗೆರೆ, ಕಳಸದ ಕಡೆಯವರಿಗೆ ಕಾಫಿ ಹೂವಿನ ಬಗ್ಗೆ ಹೊಸದಾಗಿ ಹೇಳಬೇಕಾಗಿಲ್ಲ. ಮಾರ್ಚ್ ಅಥವಾ ಏಪ್ರಿಲ್‌ನಲ್ಲಿ ಒಂದು ಒಳ್ಳೆಯ ಮಳೆ ಬಿದ್ದರೆ ಸಾಕು, ವಾರ ಹತ್ತು ದಿನದಲ್ಲಿ ಇಡೀ ತೋಟ ಬೆಳ್ಳಗಾಗುತ್ತದೆ. ಎರಡು ಮೂರು ದಿನ ಘಮಘಮಿಸಿ ಹೂವು ಬಾಡುತ್ತದೆ.

ಮಳೆ ಬಿದ್ದ ದಿನದಿಂದ ಒಂದೇ ರೆಂಬೆಯ ಫೋಟೋವನ್ನು ಒಂದೇ ಜಾಗದಲ್ಲಿ ನಿಂತು ದಿನಕ್ಕೊಂದರಂತೆ ತೆಗೆದಿರೆನ್ನಿ. ಹನ್ನೆರಡು ದಿನಕ್ಕೆ ಹನ್ನೆರಡು ಫೋಟೋ. ಅವನ್ನು ಶಾಲೆಯ ಕಂಪ್ಯೂಟರಿಗೆ ಹಾಕಿ ಒಂದಾದ ಮೇಲೊಂದರಂತೆ ಬೇಗ ಬೇಗ ತೋರಿಸಿದರೆ ಮೊಗ್ಗು ನಿಮ್ಮ ಕಣ್ಣೆದುರೇ ಅರಳುತ್ತದೆ! ಹನ್ನೆರಡೂ ಮುಗಿದ ಮೇಲೆ ಕಂಪ್ಯೂಟರ್ ಮತ್ತೆ ಮೊದಲ ಫೋಟೋಕ್ಕೆ ಹೋಗುತ್ತದೆ. ಆಗ ಒಂದು ತಮಾಷೆ ನಡೆಯುತ್ತದೆ. ಬಾಡಿ ಕಂದಿದ ಹೂವು ತಟಕ್ಕನೆ ಹಸಿರು ಮೊಗ್ಗಾಗಿಬಿಡುತ್ತದೆ. ಅಲ್ಲಿ ಕಣ್ಣಿಗೆ ಒಂದು ಹಾರು ಕಾಣುತ್ತದೆ. ಅದೇ ಕಂಪ್ಯೂಟರಿನಲ್ಲಿ ಜೋಕಾಲಿ ಆಡುವ ಹುಡುಗಿಯ ಹನ್ನೆರಡು ಚಿತ್ರಗಳನ್ನು ಹೀಗೆ ಸುತ್ತಿಸಿದರೆ ಯಾವ ಹಾರೂ ಕಾಣದಂತೆ ಮಾಡಬಹುದು. ಗಂಟೆಗಟ್ಟಲೆ ಆಕೆ ತೂಗುತ್ತಲೇ ಇರುತ್ತಾಳೆ.

ಇದು ಹೇಗೆ? ಇದನ್ನು ತಿಳಿಯಬೇಕಾದರೆ ಕಂಪ್ಯೂಟರೂ ಇಲ್ಲದ, ಸಿನಿಮಾವೂ ಇಲ್ಲದ ಕಾಲದಲ್ಲಿ ರಟ್ಟಿನ ತಟ್ಟೆಯ ಮೇಲೆ ಚಿತ್ರಗಳನ್ನು ಸುತ್ತಿಸಿ ಕುಣಿಸಿದ ಒಬ್ಬ ವಿಜ್ಞಾನಿಯ ಕತೆ ಕೇಳಬೇಕು. ಅವರ ಹೆಸರು ಜೋಸೆಫ್ ಪ್ಲಾಟೊ. ಗ್ರೀಸ್ ದೇಶದ ತತ್ವಜ್ಞಾನಿ ಪ್ಲೇಟೊ ಬೇರೆ, ಇವರು ಬೇರೆ. ಹೆಸರು ಹತ್ತಿರ ಹತ್ತಿರ ಇದೆ ಅಷ್ಟೆ.

ಜೋಸೆಫ್ ಹುಟ್ಟಿದ್ದು 1801ರ ಅಕ್ಟೋಬರ್ 14ರಂದು, ಇಂದಿನ ಬೆಲ್ಜಿಯಂ ದೇಶದ ಬ್ರಸೆಲ್ಸ್ ನಗರದಲ್ಲಿ. ತಂದೆ ಹೂವುಗಳ ಚಿತ್ರ ಬರೆಯುವುದರಲ್ಲಿ ನಿಪುಣರು. ಮಗನೂ ತನ್ನಂತೆ ಚಿತ್ರಗಾರನಾಗಲಿ ಎಂಬುದು ಅವರ ಆಸೆ. ಆದ್ದರಿಂದ ಹುಡುಗನನ್ನು ಚಿತ್ರಕಲೆ ಕಲಿಯಲು ಕಳಿಸಿದರು. ಆರನೆಯ ವಯಸ್ಸಿಗೇ ಅವನಿಗೆ ಓದಲು ಬರುತ್ತಿತ್ತು. ಆ ಕಾಲಕ್ಕೆ ಅದು ದೊಡ್ಡ ಮಾತು. ಪ್ರಾಥಮಿಕ ಶಾಲೆಯಲ್ಲಿ ಒಂದು ದಿನ ಭೌತವಿಜ್ಞಾನದ ಪಾಠ ನಡೆಯಿತು. ಮೇಷ್ಟರು ಮಾಡಿ ತೋರಿಸಿದ ಪ್ರಯೋಗಗಳನ್ನು ನೋಡಿ ಹುಡುಗ ಬೆರಗಾದ. ಇದರ ಗುಟ್ಟನ್ನು ಎಂದಾದರೂ ತಾನೇ ಕಂಡುಹಿಡಿಯಬೇಕು ಎಂದು ಅಂದೇ ಮನಸ್ಸಿನಲ್ಲಿ ನಿಶ್ಚಯಿಸಿಕೊಂಡನಂತೆ.

ಆದರೆ ಹದಿನಾಲ್ಕನೆಯ ವಯಸ್ಸಿಗೆ ಜೋಸೆಫ್ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ. ಆ ದುಃಖದಲ್ಲಿ ಕಾಯಿಲೆ ಬಿದ್ದ. ವಕೀಲರಾಗಿದ್ದ ಸೋದರಮಾವ ಅವನನ್ನು ನೋಡಿಕೊಂಡರು. ಮುಂದೆ ಅವನು ಲಿಯೇಜ್ ವಿಶ್ವವಿದ್ಯಾಲಯಕ್ಕೆ ಸೇರಿದ. ಶಾಲೆಯಲ್ಲಿ ಗಣಿತ ಪಾಠ ಹೇಳುತ್ತಲೇ ಕಲಿಕೆ ಮುಂದುವರಿಸಿ 1829ರಲ್ಲಿ ಡಾಕ್ಟರ್ ಪದವಿ ಪಡೆದ. ಇಷ್ಟು ದೊಡ್ಡ ಪದವಿಗೆ ಅವರು ಬರೆದ ಪ್ರಬಂಧ ಎಷ್ಟು ಪುಟದ್ದು ಗೊತ್ತೆ? ಬರೀ 27 ಪುಟ! ಬಣ್ಣದ ವಸ್ತುವನ್ನು ನೋಡಿದ ಮೇಲೆ ಅದರ ಗುರುತು ನಮ್ಮ ಕಣ್ಣಿನಲ್ಲಿ ಎಷ್ಟು ಹೊತ್ತು ಉಳಿಯುತ್ತದೆ ಎಂಬುದೇ ಅದರ ವಿಷಯ.

ಈ ಗುರುತನ್ನು ನೀವೂ ಕಂಡಿದ್ದೀರಿ. ಕತ್ತಲಲ್ಲಿ ಹೊತ್ತಿಸಿದ ಊದುಬತ್ತಿಯನ್ನು ಬೇಗ ಬೇಗ ಸುತ್ತಿಸಿದರೆ ಕೆಂಪು ಬಳೆ ಕಾಣುವುದಿಲ್ಲವೇ? ಕಿಡಿ ಇರುವುದು ಒಂದೇ. ಅದು ಮುಂದಕ್ಕೆ ಹೋದರೂ ಹಿಂದಿನ ಜಾಗದ ಗುರುತು ಕಣ್ಣಿನಿಂದ ಅಳಿಸಿರುವುದಿಲ್ಲ. ಹಾಗಾಗಿ ಕಿಡಿ ಬಳೆಯಾಗುತ್ತದೆ.

ಆದರೆ ಇಲ್ಲೊಂದು ತೊಡಕಿದೆ. ಒಂದು ರಟ್ಟಿನ ಚಕ್ರದ ಮೇಲೆ ಹತ್ತಾರು ಚಿತ್ರ ಬರೆದು ಗರಗರನೆ ತಿರುಗಿಸಿ ನೋಡಿ. ಚಿತ್ರ ಚಲಿಸುವುದಿಲ್ಲ, ಎಲ್ಲವೂ ಕಲಸಿಹೋಗುತ್ತದೆ. ಊದುಬತ್ತಿಯನ್ನು ಬಳೆ ಮಾಡಿದ ಗುಣವೇ ಇಲ್ಲಿ ಚಿತ್ರಗಳನ್ನು ಕಲಸಿಬಿಡುತ್ತದೆ. ಇದನ್ನು ತಡೆಯುವುದು ಹೇಗೆ?

ಅದೇ ವೇಳೆಗೆ ಇಂಗ್ಲೆಂಡಿನಲ್ಲಿ ಮೈಕೆಲ್ ಫ್ಯಾರಡೆ ಕೂಡ ತಿರುಗುವ ಹಲ್ಲಿನ ಚಕ್ರಗಳು ಕಣ್ಣಿಗೆ ಮಾಡುವ ಮೋಸವನ್ನು ಅಭ್ಯಾಸ ಮಾಡುತ್ತಿದ್ದರು. ಹೌದು, ವಿದ್ಯುತ್ ಪಾಠದಲ್ಲಿ ಬರುವ ಫ್ಯಾರಡೆಯವರೇ. ಹಲ್ಲಿನ ಚಕ್ರವನ್ನು ಕನ್ನಡಿಯ ಎದುರು ತಿರುಗಿಸಿ, ಅದರ ಹಲ್ಲುಗಳ ಸಂದಿಯಿಂದಲೇ ಕನ್ನಡಿಯನ್ನು ನೋಡಿದರೆ ಚಕ್ರ ನಿಂತಂತೆ ಕಾಣುತ್ತದೆ ಎಂದು ಅವರು ಬರೆದಿದ್ದರು. ಪ್ಲಾಟೊ ಇದನ್ನು ಓದಿ ಯೋಚಿಸಿದರು. ನಿಂತಂತೆ ಕಾಣುವ ಚಕ್ರದ ಮೇಲೆ ಒಂದಕ್ಕಿಂತ ಒಂದು ತುಸುವೇ ಬೇರೆಯಾದ ಚಿತ್ರಗಳನ್ನು ಬರೆದರೆ ಏನಾಗಬಹುದು?

1832ರಲ್ಲಿ ಅವರು ಅಂಥ ತಟ್ಟೆಯನ್ನು ಮಾಡಿದರು. ದುಂಡಗಿನ ರಟ್ಟು. ಅಂಚಿನ ಕಡೆ ಸಮಾನ ದೂರದಲ್ಲಿ 16 ಸೀಳುಗಂಡಿ. ಒಳಗಡೆ ನರ್ತಕನೊಬ್ಬ ನಿಂತಲ್ಲೇ ಸುತ್ತು ಹಾಕುವ 16 ಭಂಗಿಗಳು. ಚಿತ್ರಗಳು ಕನ್ನಡಿಯ ಕಡೆಗೆ ಇರುವಂತೆ ತಟ್ಟೆಯನ್ನು ಹಿಡಿದು ತಿರುಗಿಸಿ, ಹಿಂದಿನಿಂದ ಸೀಳುಗಂಡಿಗಳ ಮೂಲಕ ಕನ್ನಡಿಯನ್ನು ನೋಡಬೇಕು. ನೋಡಿದರೆ ನರ್ತಕ ಕುಣಿಯುತ್ತಾನೆ! ಒಬ್ಬನಲ್ಲ, ಹದಿನಾರು ಜನ, ತಂತಮ್ಮ ಜಾಗದಲ್ಲೇ.

ಇದರ ಗುಟ್ಟು ಇರುವುದು ಚಿತ್ರದಲ್ಲಿ ಮಾತ್ರವಲ್ಲ, ಸೀಳುಗಂಡಿಗಳ ನಡುವಿನ ರಟ್ಟಿನಲ್ಲಿ. ಒಂದು ಗಂಡಿ ಕಣ್ಣಿನ ಮುಂದೆ ಹಾಯುವ ಚೂರು ಹೊತ್ತಿನಲ್ಲಿ ಚಿತ್ರ ಸ್ಪಷ್ಟವಾಗಿ ಕಾಣುತ್ತದೆ. ಕೂಡಲೇ ರಟ್ಟು ಅಡ್ಡ ಬಂದು ಕತ್ತಲೆ. ಆ ಕತ್ತಲೆಯಲ್ಲಿ ಚಿತ್ರ ಸರಿದು ಅದರ ಜಾಗಕ್ಕೆ ಪಕ್ಕದ ಚಿತ್ರ ಬಂದಿರುತ್ತದೆ. ಸರಿಯುವುದನ್ನು ಕಣ್ಣು ನೋಡಲೇ ಇಲ್ಲ, ಹಾಗಾಗಿ ಕಲಸುವುದಿಲ್ಲ. ಮುಂದಿನ ಗಂಡಿ ಬಂದಾಗ ಹೊಸ ಭಂಗಿ ಕಾಣುತ್ತದೆ. ಎರಡು ಭಂಗಿಗಳ ನಡುವಿನ ಚಲನೆಯನ್ನು ತುಂಬಿಕೊಳ್ಳುವುದು ನಮ್ಮ ಮೆದುಳು. ಚಿತ್ರದ ಗುರುತು ಕಣ್ಣಿನಲ್ಲಿ ಉಳಿಯುವುದೇ ಇದಕ್ಕೆಲ್ಲ ಕಾರಣ ಎಂದು ಹಳೆಯ ಪುಸ್ತಕಗಳಲ್ಲಿ ಬರೆದಿರುತ್ತದೆ. ಅದು ಪೂರ್ತಿ ಸರಿಯಲ್ಲ. ಗುರುತು ಉಳಿದರೆ ಕಲಸಾಗುತ್ತದೆಯೇ ಹೊರತು ಚಲನೆ ಕಾಣುವುದಿಲ್ಲ. ಬಿಡಿ ಚಿತ್ರಗಳನ್ನು ಜೋಡಿಸಿ ಚಲನೆ ಎಂದು ತಿಳಿಯುವುದು ಮೆದುಳಿನ ಕೆಲಸ ಎಂಬುದು 20ನೆಯ ಶತಮಾನದ ಪ್ರಯೋಗಗಳಿಂದ ತಿಳಿಯಿತು.

ಪ್ಲಾಟೊ ಗಮನಿಸಿದ ಇನ್ನೊಂದು ಸಂಗತಿ ಇದೆ. ಹದಿನಾರನೆಯ ಭಂಗಿ ಮುಗಿಯುತ್ತಲೇ ಮೊದಲನೆಯದು ಬರಬೇಕು. ದುಂಡು ತಟ್ಟೆಗೆ ಆದಿಯೂ ಇಲ್ಲ, ಅಂತ್ಯವೂ ಇಲ್ಲ. ಆದ್ದರಿಂದ ಕೊನೆಯ ಚಿತ್ರಕ್ಕೂ ಮೊದಲ ಚಿತ್ರಕ್ಕೂ ಉಳಿದವುಗಳಷ್ಟೇ ಸಣ್ಣ ವ್ಯತ್ಯಾಸ ಇರುವಂಥ ಕೆಲಸವನ್ನೇ ಬರೆಯಬೇಕು. ಸುತ್ತುವ ನರ್ತಕ ಹೊರಟಲ್ಲಿಗೇ ಬಂದು ನಿಲ್ಲುತ್ತಾನೆ. ಜೋಕಾಲಿಯೂ ಅಷ್ಟೆ, ಓಡುವ ಕುದುರೆಯ ಕಾಲೂ ಅಷ್ಟೆ, ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ಯಂತ್ರದ ಚಕ್ರವೂ ಅಷ್ಟೆ. ಆದರೆ ಬಾಡಿದ ಹೂವು ಮತ್ತೆ ಮೊಗ್ಗಾಗುವುದಿಲ್ಲವಲ್ಲ! ನಿಮ್ಮ ಕಾಫಿ ಹೂವಿನ ಚಿತ್ರ ಹಾರಿದ್ದು ಇದಕ್ಕೇ. ಅದನ್ನು ಸುತ್ತಿಸಲೇಬೇಕೆಂದರೆ 1ರಿಂದ 12ರವರೆಗೆ ಹೋಗಿ, 11, 10, 9 ಎಂದು ಹಿಂದಕ್ಕೆ ಬರುವಂತೆ ಮಾಡಬಹುದು. ಆಗ ಹೂವು ಅರಳಿ ಬಾಡಿ, ಮತ್ತೆ ಬಾಡಿದ್ದು ಅರಳಿ ಮೊಗ್ಗಾಗುತ್ತದೆ. ಹಾರು ತಪ್ಪುತ್ತದೆ, ನಿಜ ಮಾತ್ರ ಉಳಿಯುವುದಿಲ್ಲ!

ಈಗ ಕಂಪ್ಯೂಟರಿಗೆ ಬರೋಣ. ಪ್ಲಾಟೊ ತಟ್ಟೆಯ ಕೆಲಸವನ್ನು ಕಂಪ್ಯೂಟರಿನಿಂದ ಮಾಡಿಸಬೇಕಾದರೆ ಅದಕ್ಕೆ ಕೊಡುವ ಆಜ್ಞೆಗಳು ಇಷ್ಟೇ:

ಎಣಿಕೆಯನ್ನು 0 ಮಾಡು.
ಮುಂದಿನ ಮೂರು ಕೆಲಸವನ್ನು ಮತ್ತೆ ಮತ್ತೆ ಮಾಡುತ್ತಿರು:
ಎಣಿಕೆಯನ್ನು 16ರಿಂದ ಭಾಗಿಸಿದಾಗ ಉಳಿಯುವ ಶೇಷ ಯಾವುದೋ ಆ ಸಂಖ್ಯೆಯ ಚಿತ್ರ ತೋರಿಸು.
ಸೆಕೆಂಡಿನ ಹನ್ನೆರಡನೇ ಒಂದು ಭಾಗ ಕಾಯು.
ಎಣಿಕೆಗೆ 1 ಕೂಡಿಸು.

ಇಲ್ಲಿ ಚಿತ್ರಗಳಿಗೆ 0ಯಿಂದ 15ರವರೆಗೆ ಸಂಖ್ಯೆ ಕೊಟ್ಟಿದೆ. ಎಣಿಕೆ 15 ಆದಾಗ ಶೇಷ 15. ಎಣಿಕೆ 16 ಆದಾಗ ಶೇಷ 0, ಅಂದರೆ ಮತ್ತೆ ಮೊದಲ ಚಿತ್ರ. ಎಣಿಕೆ 35 ಆದಾಗ ಶೇಷ 3. ಎಣಿಕೆ ಎಷ್ಟೇ ಬೆಳೆದರೂ ಶೇಷ 15ನ್ನು ದಾಟುವುದಿಲ್ಲ. ಭಾಗಾಕಾರದಲ್ಲಿ ಶೇಷ ಯಾಕೆ ಬೇಕು ಎಂದು ಬೇಸರಪಟ್ಟವರು ಈಗ ನೋಡಿ, ಆ ಶೇಷವೇ ಉದ್ದನೆಯ ಸಾಲನ್ನು ದುಂಡು ತಟ್ಟೆ ಮಾಡಿದೆ! ನಡುವೆ ಕಾಯುವ ಆಜ್ಞೆಯನ್ನು ಬಿಟ್ಟರೆ ಚಿತ್ರಗಳು ಎಷ್ಟು ಬೇಗ ಓಡುತ್ತವೆಂದರೆ ಏನೂ ತಿಳಿಯುವುದಿಲ್ಲ. ಅರ್ಧ ಸೆಕೆಂಡು ಕಾಯಿಸಿದರೆ ಬಿಡಿ ಬಿಡಿ ಚಿತ್ರಗಳಾಗಿಯೇ ಕಾಣುತ್ತವೆ. ನಿಮ್ಮ ಶಾಲೆಯ ಕಂಪ್ಯೂಟರಿನಲ್ಲಿ ಸ್ಕ್ರ್ಯಾಚ್ ಇದ್ದರೆ ಇನ್ನೂ ಸುಲಭ. ಅದರಲ್ಲಿ ಚಿತ್ರಗಳನ್ನು ಕಾಸ್ಟ್ಯೂಮ್ ಎನ್ನುತ್ತಾರೆ. ಫಾರೆವರ್ ಎಂಬ ತುಂಡಿನ ಒಳಗೆ ನೆಕ್ಸ್ಟ್ ಕಾಸ್ಟ್ಯೂಮ್ ಮತ್ತು ವೇಟ್ ಎಂಬ ತುಂಡುಗಳನ್ನು ಸೇರಿಸಿದರೆ ಆಯಿತು. ಕೊನೆಯದು ಮುಗಿದರೆ ಅದು ತಾನಾಗಿಯೇ ಮೊದಲನೆಯದಕ್ಕೆ ಹೋಗುತ್ತದೆ.

ಒಂದು ಎಚ್ಚರಿಕೆ. ಫೋಟೋಗಳಿಗೆ 1, 2, 3 ಎಂದು ಹೆಸರಿಟ್ಟರೆ ಕೆಲವು ಪ್ರೋಗ್ರಾಮುಗಳು ಅವನ್ನು 1, 10, 11, 12, 2, 3 ಎಂಬ ಕ್ರಮದಲ್ಲಿ ಜೋಡಿಸುತ್ತವೆ. ಅವು ಹೆಸರನ್ನು ಸಂಖ್ಯೆ ಎಂದು ತಿಳಿಯದೆ ಅಕ್ಷರದಂತೆ ಓದುವುದರಿಂದ ಹೀಗಾಗುತ್ತದೆ. ಆಗ ಮೊಗ್ಗಾದ ಕೂಡಲೇ ಬಾಡಿ, ಆಮೇಲೆ ಅರಳುವ ವಿಚಿತ್ರ ಹೂವು ಕಾಣುತ್ತದೆ. 01, 02, 03 ಎಂದು ಬರೆಯಿರಿ, ಸರಿಹೋಗುತ್ತದೆ. ಪ್ಲಾಟೊ ಅವರಿಗೆ ಈ ತಾಪತ್ರಯ ಇರಲಿಲ್ಲ. ರಟ್ಟಿನ ಮೇಲೆ ಒಮ್ಮೆ ಬರೆದ ಚಿತ್ರ ಜಾಗ ಬದಲಿಸುವುದಿಲ್ಲ.

ತಟ್ಟೆಯ ಸುದ್ದಿ 1833ರ ಆರಂಭದಲ್ಲಿ ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಯಿತು. ವಿಚಿತ್ರವೆಂದರೆ, 1832ರ ಕೊನೆಗೆ ಆಸ್ಟ್ರಿಯಾದ ವಿಯೆನ್ನಾ ನಗರದಲ್ಲಿ ಸೈಮನ್ ಸ್ಟಾಂಪ್ಫರ್ ಎಂಬ ಪ್ರಾಧ್ಯಾಪಕರು ಇಂಥದ್ದೇ ತಟ್ಟೆಯನ್ನು ಮಾಡಿದ್ದರು. ಇವರ ಕೆಲಸ ಅವರಿಗೆ ಗೊತ್ತಿಲ್ಲ, ಅವರದು ಇವರಿಗೆ ಗೊತ್ತಿಲ್ಲ. ಅವರೂ ಫ್ಯಾರಡೆ ಬರೆದದ್ದನ್ನೇ ಓದಿದ್ದರು! ತಟ್ಟೆಗಳು ಲಂಡನ್, ಪ್ಯಾರಿಸ್ ನಗರಗಳ ಅಂಗಡಿಗಳಲ್ಲಿ ಆಟಿಕೆಗಳಾಗಿ ಮಾರಾಟವಾದವು. ಅದಕ್ಕೆ ಫೆನಾಕಿಸ್ಟಿಸ್ಕೋಪ್ ಎಂಬ ನಾಲಿಗೆ ತಿರುಗದ ಹೆಸರು ಬಂತು. ಮೋಸದ ನೋಟ ತೋರಿಸುವುದು ಎಂದು ಅದರ ಅರ್ಥ. 1834ರಲ್ಲಿ ಇಂಗ್ಲೆಂಡಿನ ವಿಲಿಯಂ ಹಾರ್ನರ್ ತಟ್ಟೆಯ ಬದಲು ಡಬ್ಬಿಯಂಥ ಉಪಕರಣವನ್ನು ಸೂಚಿಸಿದರು. ಅದಕ್ಕೆ ಕನ್ನಡಿ ಬೇಡ, ಸುತ್ತಲೂ ಕೂತು ನಾಲ್ಕಾರು ಮಂದಿ ಒಟ್ಟಿಗೆ ನೋಡಬಹುದು. ಪ್ಲಾಟೊ 1835ರಲ್ಲಿ ಗೆಂಟ್ ನಗರದ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕರಾದರು. 1840ರಲ್ಲಿ ಮದುವೆಯಾದರು. ಮರುವರ್ಷ ಮಗ ಹುಟ್ಟಿದ.

ಇಲ್ಲಿಗೆ ಕತೆ ಮುಗಿದಿದ್ದರೆ ಚೆನ್ನಾಗಿತ್ತು.

1829ರಲ್ಲಿ ಪ್ಲಾಟೊ ಮಾಡಬಾರದ ಒಂದು ಪ್ರಯೋಗ ಮಾಡಿದ್ದರು. ತುಂಬಾ ಪ್ರಖರವಾದ ಬೆಳಕಿನ ಗುರುತು ಕಣ್ಣಿನಲ್ಲಿ ಎಷ್ಟು ಹೊತ್ತು ಉಳಿಯುತ್ತದೆ ಎಂದು ತಿಳಿಯಲು ನೇರವಾಗಿ ಸೂರ್ಯನನ್ನೇ 25 ಸೆಕೆಂಡು ದಿಟ್ಟಿಸಿ ನೋಡಿದ್ದರು. ಮುಂದೆ ಅವರ ಕಣ್ಣಿಗೆ ತೊಂದರೆ ಶುರುವಾಯಿತು. 1843ರ ಹೊತ್ತಿಗೆ ದೃಷ್ಟಿ ಹೋಯಿತು. ಆಗ ಅವರಿಗೆ ಸುಮಾರು 42 ವರ್ಷ. ಆ ದಿನ ಸೂರ್ಯನನ್ನು ನೋಡಿದ್ದರಿಂದಲೇ ಹೀಗಾಯಿತೆಂದು ಅವರು ನಂಬಿದ್ದರು. ಇಂದಿನ ವೈದ್ಯರು ಅವರ ಕಾಯಿಲೆಯ ವಿವರಗಳನ್ನು ಓದಿ, ಬಹುಶಃ ಅದು ಕಣ್ಣಿನ ನಡುಪದರಕ್ಕೆ ಬಂದ ಬಹುಕಾಲದ ಉರಿಯೂತ ಇರಬೇಕು ಎನ್ನುತ್ತಾರೆ. ಹದಿನಾಲ್ಕು ವರ್ಷದ ಹಿಂದಿನ 25 ಸೆಕೆಂಡು ಎರಡೂ ಕಣ್ಣನ್ನು ಪೂರ್ತಿ ಕಳೆಯುವುದು ಕಷ್ಟ. ಹಾಗೆಂದು ನೀವು ಸೂರ್ಯನನ್ನು ನೋಡಲು ಹೋಗಬೇಡಿ! ಸೂರ್ಯನ ಬೆಳಕು ಅಕ್ಷಿಪಟಲವನ್ನು ಸುಡುತ್ತದೆ, ಅದು ನಿಜ. ಸುಡುವಾಗ ನೋವೂ ಆಗುವುದಿಲ್ಲ, ಏಕೆಂದರೆ ಅಕ್ಷಿಪಟಲಕ್ಕೆ ನೋವು ತಿಳಿಯುವುದಿಲ್ಲ. 2019ರ ಡಿಸೆಂಬರ್ 26ರಂದು ಕಾಸರಗೋಡು, ಮಂಗಳೂರು, ಕೊಡಗಿನ ಕಡೆ ಬೆಂಕಿಯ ಬಳೆಯಂಥ ಕಂಕಣ ಸೂರ್ಯಗ್ರಹಣ ಕಂಡಾಗ ವಿಶೇಷ ಕನ್ನಡಕವಿಲ್ಲದೆ ನೋಡಬೇಡಿ ಎಂದು ಹೇಳಿದ್ದು ಇದಕ್ಕೇ.

ಬೆಳಕು ಮತ್ತು ಕಣ್ಣನ್ನೇ ಅಭ್ಯಾಸ ಮಾಡುತ್ತಿದ್ದವರಿಗೆ ಕಣ್ಣು ಹೋದರೆ ಏನು ಉಳಿಯಿತು? ಪ್ಲಾಟೊ ತಟ್ಟೆಯನ್ನು ಮರೆಯಲಿಲ್ಲ. 1849ರಲ್ಲಿ ಒಂದು ಹೊಸ ಯೋಜನೆಯನ್ನು ಬರೆದರು. ಸುಣ್ಣದ ಗಾರೆಯಂಥ ಪ್ಲಾಸ್ಟರಿನಲ್ಲಿ ಒಂದರಿಂದ ಒಂದು ಸ್ವಲ್ಪವೇ ಬದಲಾಗುವ 16 ಗೊಂಬೆಗಳನ್ನು ಮಾಡುವುದು. ಪ್ರತಿಯೊಂದರ ಫೋಟೋ ತೆಗೆಯುವುದು. ಉಬ್ಬು ತಗ್ಗು ಕಾಣಿಸುವ ಸ್ಟೀರಿಯೋಸ್ಕೋಪ್ ಎಂಬ ಉಪಕರಣವನ್ನು ತಟ್ಟೆಯೊಂದಿಗೆ ಸೇರಿಸಿ ಆ ಫೋಟೋಗಳನ್ನು ಸುತ್ತಿಸುವುದು. ಆಗ ಗೊಂಬೆ ನಿಜವಾಗಿ ಎದುರು ನಿಂತು ಚಲಿಸಿದಂತೆ ಕಾಣಬೇಕು. ಇಂದು ಟಿವಿಯಲ್ಲಿ ನೀವು ನೋಡುವ ಜೇಡಿಮಣ್ಣಿನ ಗೊಂಬೆಗಳ ಚಿತ್ರಗಳನ್ನು ಹೆಚ್ಚು ಕಡಿಮೆ ಹೀಗೆಯೇ ಮಾಡುತ್ತಾರೆ, ಗೊಂಬೆಯನ್ನು ತುಸು ಅಲುಗಿಸಿ ಒಂದು ಫೋಟೋ, ಮತ್ತೆ ತುಸು ಅಲುಗಿಸಿ ಇನ್ನೊಂದು. ಆದರೆ ಪ್ಲಾಟೊ ಅವರ ಯೋಜನೆ ಕಾಗದದ ಮೇಲೆಯೇ ಉಳಿಯಿತು. ಗೊಂಬೆ ಸರಿಯಾಗಿ ಬಾಗಿದೆಯೇ ಎಂದು ನೋಡಲು ಅವರಿಗೆ ಕಣ್ಣಿರಲಿಲ್ಲ.

ಅವರು ಹಿಡಿದುಕೊಂಡದ್ದು ಸಾಬೂನಿನ ಗುಳ್ಳೆಗಳನ್ನು. ನಗಬೇಡಿ! ಸಾಬೂನು ನೀರಿಗೆ ಗ್ಲಿಸರಿನ್ ಬೆರೆಸಿ, ತಂತಿಯಿಂದ ಮಾಡಿದ ಚೌಕಟ್ಟುಗಳನ್ನು ಅದರಲ್ಲಿ ಅದ್ದಿ ತೆಗೆದರೆ ತೆಳ್ಳನೆಯ ಪೊರೆ ನಿಲ್ಲುತ್ತದೆ. ಯಾವ ಚೌಕಟ್ಟಿಗೆ ಯಾವ ಆಕಾರದ ಪೊರೆ ಎಂಬುದೇ ಅವರ ಪ್ರಶ್ನೆ. ಏನು ಮಾಡಬೇಕೆಂದು ಅವರು ಹೇಳುತ್ತಿದ್ದರು. ಮಾಡಿ ನೋಡುವ ಕೆಲಸ ಮನೆಯವರದು ಮತ್ತು ಜೊತೆಗಿದ್ದ ವಿಜ್ಞಾನಿಗಳದು. ಮುಂದೆ ಮಗಳನ್ನು ಮದುವೆಯಾದ ವಾನ್ ಡರ್ ಮೆನ್ಸ್‌ಬ್ರೂಗೆ ಎಂಬ ವಿಜ್ಞಾನಿಯೂ ಅವರಿಗೆ ಕಣ್ಣಾದರು. ಇವರೆಲ್ಲ ಕಂಡದ್ದನ್ನು ವಿವರಿಸಬೇಕು, ಪ್ಲಾಟೊ ಮನಸ್ಸಿನಲ್ಲೇ ಆಕಾರ ಕಟ್ಟಿಕೊಂಡು ಮುಂದಿನ ಪ್ರಯೋಗ ಹೇಳಬೇಕು. ಬಣ್ಣಬಣ್ಣದ ಗುಳ್ಳೆಯನ್ನು ಮುಟ್ಟಿ ನೋಡುವಂತೆಯೂ ಇಲ್ಲ, ಮುಟ್ಟಿದರೆ ಒಡೆಯುತ್ತದೆ! ನನಗೆ ಕೇಳಿದರೆ ಅವರ ತಟ್ಟೆಗಿಂತ ಇದೇ ದೊಡ್ಡ ಸಾಹಸ.

ಹೀಗೆ ಅವರು ಕಂಡುಕೊಂಡ ಒಂದು ನಿಯಮವನ್ನು ನೀವು ಬಟ್ಟೆ ಒಗೆಯುವ ಬಕೆಟ್ಟಿನ ನೊರೆಯಲ್ಲೇ ಪರೀಕ್ಷಿಸಬಹುದು. ಗುಳ್ಳೆಗಳ ಪೊರೆಗಳು ಒಂದು ಅಂಚಿನಲ್ಲಿ ಕೂಡುವಾಗ ಯಾವಾಗಲೂ ಮೂರೇ ಕೂಡುತ್ತವೆ. ನಾಲ್ಕು ಕೂಡಿದರೆ ನಿಲ್ಲುವುದಿಲ್ಲ, ಕ್ಷಣದಲ್ಲಿ ಸರಿದುಕೊಂಡು ಮತ್ತೆ ಮೂರು ಮೂರಾಗುತ್ತವೆ. ಆ ಮೂರರ ನಡುವಿನ ಕೋನ 120 ಡಿಗ್ರಿ. ಪೊರೆ ಸಾಧ್ಯವಾದಷ್ಟು ಕಡಿಮೆ ಜಾಗದಲ್ಲಿ ಹರಡಿಕೊಳ್ಳಲು ಎಳೆಯುತ್ತಿರುತ್ತದೆ. ಇದಕ್ಕೆ ಮೇಲ್ಮೈ ಕರ್ಷಣ ಕಾರಣ. 1873ರಲ್ಲಿ ಪ್ಲಾಟೊ ಇವೆಲ್ಲವನ್ನೂ ಎರಡು ಸಂಪುಟಗಳ ಪುಸ್ತಕವಾಗಿ ಪ್ರಕಟಿಸಿದರು. ಯಾವ ಚೌಕಟ್ಟು ಕೊಟ್ಟರೂ ಅದಕ್ಕೆ ಅತಿ ಕಡಿಮೆ ವಿಸ್ತಾರದ ಪೊರೆ ಇದ್ದೇ ಇರುತ್ತದೆ ಎಂದು ಗಣಿತದಿಂದ ತೋರಿಸುವುದು ಬಹಳ ಕಷ್ಟವಾಯಿತು. ಗಣಿತಜ್ಞರು ಆ ಪ್ರಶ್ನೆಯನ್ನು ಪ್ಲಾಟೊ ಸಮಸ್ಯೆ ಎಂದೇ ಕರೆದರು. ಅದನ್ನು ಬಿಡಿಸಿದವರಲ್ಲಿ ಒಬ್ಬರಾದ ಅಮೆರಿಕದ ಜೆಸ್ಸಿ ಡಗ್ಲಾಸ್ ಅವರಿಗೆ 1936ರಲ್ಲಿ ಫೀಲ್ಡ್ಸ್ ಪದಕ ಬಂತು. ಗಣಿತದ ಆ ದೊಡ್ಡ ಪದಕವನ್ನು ಕೊಡಲು ಶುರು ಮಾಡಿದ್ದೇ ಆ ವರ್ಷ.

ಮನೆಯಲ್ಲೇ ಪ್ಲಾಟೊ ತಟ್ಟೆ ಮಾಡಬೇಕೇ? ಕೈವಾರದಿಂದ ರಟ್ಟಿನ ಮೇಲೆ ಅಂಗೈಗಿಂತ ದೊಡ್ಡ ವೃತ್ತ ಬರೆದು ಕತ್ತರಿಸಿ. ಹದಿನಾರಾದರೆ ಒಂದೊಂದು ಭಾಗಕ್ಕೆ ಇಪ್ಪತ್ತೆರಡೂವರೆ ಡಿಗ್ರಿ, ಅಳೆಯುವುದು ಕಷ್ಟ. ಹನ್ನೆರಡು ಭಾಗ ಮಾಡಿ, ಕೋನಮಾಪಕದಲ್ಲಿ 30 ಡಿಗ್ರಿಗೊಂದು ಗೆರೆ. ಪ್ರತಿ ಗೆರೆಯ ತುದಿಯಲ್ಲಿ ಬೆಂಕಿಕಡ್ಡಿಯಷ್ಟು ಅಗಲದ ಸೀಳು. ಸೀಳುಗಳ ಕೆಳಗೆ ಜೋಕಾಲಿಯ ಹನ್ನೆರಡು ಚಿತ್ರ. ಹಿಂಬದಿಗೆ ಕಪ್ಪು ಬಳಿಯಿರಿ. ನಡುವೆ ಗುಂಡುಸೂಜಿ ಚುಚ್ಚಿ ಪೆನ್ಸಿಲಿನ ಹಿಂದಿರುವ ರಬ್ಬರಿಗೆ ಸಿಕ್ಕಿಸಿದರೆ ತಿರುಗಿಸಬಹುದು. ಸೂಜಿಯ ಮೊನೆ ಹೊರಗೆ ಬರದಂತೆ ನೋಡಿಕೊಳ್ಳಿ. ಸೀಳು ಹನ್ನೆರಡೇ ಇಟ್ಟು ಚಿತ್ರ ಹದಿಮೂರು ಬರೆದರೆ ಇನ್ನೊಂದು ಸೊಗಸಿದೆ, ಚಿತ್ರಗಳು ನಿಂತಲ್ಲಿ ನಿಲ್ಲದೆ ತಟ್ಟೆಯ ಸುತ್ತ ಮೆಲ್ಲಗೆ ನಡೆಯತೊಡಗುತ್ತವೆ. ಯಾಕೆ ಎಂದು ನೀವೇ ಯೋಚಿಸಿ ನೋಡಿ.

ಪ್ಲಾಟೊ 1883ರ ಸೆಪ್ಟೆಂಬರ್ 15ರಂದು ಗೆಂಟ್ ನಗರದಲ್ಲಿ ತೀರಿಕೊಂಡರು. ನಲವತ್ತು ವರ್ಷ ಕತ್ತಲಲ್ಲೇ ಕಳೆದಿದ್ದರು. ಪ್ಯಾರಿಸ್ಸಿನಲ್ಲಿ ಲೂಮಿಯೇ ಸೋದರರು ಟಿಕೆಟಿಟ್ಟು ಸಿನಿಮಾ ತೋರಿಸಿದ್ದು 1895ರ ಡಿಸೆಂಬರ್ 28ರಂದು. ಮರುವರ್ಷ ಜುಲೈ 7ಕ್ಕೆ ಅದು ಮುಂಬಯಿಗೂ ಬಂತು. ಅಲ್ಲಿಯೂ ಚಿತ್ರ, ಕತ್ತಲೆ, ಚಿತ್ರ, ಕತ್ತಲೆ. 2019ರ ಅಕ್ಟೋಬರ್ 14ರಂದು, ಪ್ಲಾಟೊ ಹುಟ್ಟಿ 218 ವರ್ಷವಾದ ದಿನ, ಗೂಗಲ್ ತೆರೆದವರಿಗೆ ಅದರ ಹೆಸರಿನ ಜಾಗದಲ್ಲಿ ಒಂದು ದುಂಡು ತಟ್ಟೆ ಕಾಣಿಸಿತು. ಅದರ ಮೇಲಿನ ಚಿತ್ರಗಳು ಕೊನೆಯದಾದ ಮೇಲೆ ಮೊದಲನೆಯದು ಬಂದು ದಿನವಿಡೀ ಸುತ್ತುತ್ತಲೇ ಇದ್ದವು.